ಮೂರನೇ ಮೋಟರಿನ ಬೀಗ

ಸಹಿ ಹಾಕಬೇಕಾದ ಕಾಗದ ಬೆಳಿಗ್ಗೆಯಿಂದ ಮೇಜಿನ ಮೇಲೆ ಬಿದ್ದಿತ್ತು. ಅದರ ಪಕ್ಕದಲ್ಲೇ, ಸುಮ್ಮನೆ ನೆನಪಿಗಿರಲಿ ಎಂಬಂತೆ, ಮ್ಯಾನೇಜರ್ ಕಬ್ಬಿಣ ಕತ್ತರಿಸುವ ಕಟರ್ ಒಂದನ್ನು ತಂದಿಟ್ಟಿದ್ದ. ಪಂಪ್‌ಹೌಸಿನ ವಿದ್ಯುತ್ ಕೆಲಸಗಾರರ ಸಂಘದ ಕಾರ್ಯದರ್ಶಿ ಎರಡನ್ನೂ ನೋಡದೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ವಿಷಯ ಇಷ್ಟೇ. ಹಿಂದಿನ ದಿನ ಬೆಳಿಗ್ಗೆ, ಎಲ್ಲರೂ ನಿಧಾನಿ ಎಂದು ಕರೆಯುವ ವೈರ್‌ಮನ್ ಮೂರನೇ ಮೋಟರಿನ ಸ್ವಿಚ್ ಇಳಿಸಿ, ಅದಕ್ಕೆ ತನ್ನ ಬೀಗ ಜಡಿದು, ಕೆಳಗಿನ ಕೇಬಲ್ ಸುರಂಗಕ್ಕೆ ಇಳಿದಿದ್ದ. ಆಮೇಲೆ ಅವನನ್ನು ಕಂಡವರಿಲ್ಲ. ಮನೆಗೆ ಹೋಗಿ ನೋಡಿದರೆ ಅಲ್ಲಿಯೂ ಬೀಗ. ಫೋನು ಸತ್ತಿತ್ತು. ಟಾರ್ಚ್ ಹಿಡಿದು ಸುರಂಗದಲ್ಲಿ ಎರಡು ಸಲ ಹುಡುಕಿದರು, ಗಂಟಲು ಕಟ್ಟುವವರೆಗೆ ಕೂಗಿದರು. ಒಂದು ಇಲಿ ಸಿಕ್ಕಿತು, ನಿಧಾನಿ ಸಿಗಲಿಲ್ಲ. ಮೂರನೇ ಮೋಟರ್ ತಿರುಗದೆ ಕೆಳಗಿನ ಬೀದಿಗಳ ನಲ್ಲಿಗಳೆಲ್ಲ ಒಣಗಿದ್ದವು.

ಬೀಗ ಒಡೆದರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ಹಾಗೆ ಒಡೆಯುವಂತಿಲ್ಲ. ಪ್ರತಿ ಕೆಲಸಗಾರನಿಗೂ ಅವನದೇ ಒಂದು ಬೀಗ, ಅದಕ್ಕೆ ಒಂದೇ ಕೀಲಿ, ಅದು ಅವನ ಕೊರಳಲ್ಲೇ ಇರಬೇಕು. ಹಾಕಿದವನೇ ತೆಗೆಯಬೇಕು. ಅವನು ಬರಲಾಗದೆ ಹೋದರೆ ಸಂಘದ ಕಾರ್ಯದರ್ಶಿ ಅವನಿದ್ದಲ್ಲಿಗೆ ಹೋಗಿ, ‘ಈ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ಬರೆದು ಸಹಿ ಹಾಕಬೇಕು. ಆಮೇಲೆಯೇ ಕಟರ್. ಹನ್ನೊಂದು ದಿನ ಮುಷ್ಕರ ಮಾಡಿ ಸಂಘ ಈ ನಿಯಮ ತಂದಿತ್ತು. ಹನ್ನೆರಡು ವರ್ಷದಲ್ಲಿ ಒಬ್ಬನೇ ಒಬ್ಬನಿಗೂ ಶಾಕ್ ತಗುಲಿರಲಿಲ್ಲ.

ಮ್ಯಾನೇಜರ್ ಮೊದಲು ನಯವಾಗಿ ಕೇಳಿದ, ಆಮೇಲೆ ಮೇಜು ಕುಟ್ಟಿದ. ಅದೇನೂ ಹೊಸದಲ್ಲ. ಆದರೆ ಈ ಸಲ ಕಾರ್ಯದರ್ಶಿಯ ಮೇಲೆ ತನ್ನವರೇ ತಿರುಗಿಬಿದ್ದರು. ಸಂಘದ ಸದಸ್ಯರಲ್ಲಿ ಅರ್ಧ ಜನರ ಮನೆ ಕೆಳಗಿನ ಬೀದಿಗಳಲ್ಲೇ ಇತ್ತು. ನಿಧಾನಿ ಎಲ್ಲೋ ಮದುವೆ ಊಟಕ್ಕೆ ಕೂತಿರುತ್ತಾನೆ, ಅವನು ಕೂತರೆ ತಟ್ಟೆಯೇ ಬೇಸರಪಟ್ಟುಕೊಳ್ಳಬೇಕು, ಅಲ್ಲಿಯವರೆಗೆ ನಮ್ಮ ಮಕ್ಕಳು ಮುಖ ತೊಳೆಯಬಾರದೇ ಎಂದು ಒಬ್ಬ ನಗಿಸಿದ. ನಗು ಮುಗಿದ ಮೇಲೆ ಎಲ್ಲರೂ ಕಾರ್ಯದರ್ಶಿಯ ಕೈಯನ್ನೇ ನೋಡಿದರು. ಅವನ ಹೆಂಡತಿ ಫೋನ್ ಮಾಡಿ, ನಾಲ್ಕು ಬೀದಿ ಆಚೆಯ ಬಾವಿಯಿಂದ ನೀರು ಹೊತ್ತು ಸೊಂಟ ಬಿದ್ದುಹೋಯಿತು, ನಿಮ್ಮ ಸಂಘ ಬಂದು ಒಂದು ಕೊಡ ಹೊರುತ್ತದೆಯೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

“ಎರಡು ಸಲ ಹುಡುಕಿದ್ದೀವಲ್ಲ ಸಾರ್” ಎಂದ ಹಿರಿಯ ಫಿಟ್ಟರ್.

“ಹುಡುಕಿದ್ದೀವಿ. ನೋಡಿಲ್ಲ.”

ಇದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಪಟ್ಟು ಹಿಡಿದಿದ್ದಾನೆ, ಗಟ್ಟಿ ಮನುಷ್ಯ ಎಂದುಕೊಂಡು ಅವರು ಹೊರಗೆ ಹೋದರು. ಗಟ್ಟಿತನವೂ ಇಲ್ಲ, ಮಣ್ಣೂ ಇಲ್ಲ. ಸಹಿ ಹಾಕೋಣವೆಂದು ಅವನೇ ಎರಡು ಸಲ ಪೆನ್ನು ಎತ್ತಿದ್ದ. ಬೆರಳು ಮಡಿಚಲೇ ಇಲ್ಲ.

ಹನ್ನೆರಡು ವರ್ಷದ ಹಿಂದೆ ಬೀಗವಿರಲಿಲ್ಲ. ‘ಕೆಲಸ ನಡೆಯುತ್ತಿದೆ, ಮುಟ್ಟಬೇಡಿ’ ಎಂದು ಬರೆದ ತಗಡಿನ ಬೋರ್ಡೊಂದನ್ನು ಸ್ವಿಚ್ಚಿಗೆ ನೇತುಹಾಕಿ ಇಳಿಯುತ್ತಿದ್ದರು. ಅವತ್ತು ಇಳಿದವನು ಇಡೀ ಪಂಪ್‌ಹೌಸ್ ಅಣ್ಣ ಎಂದು ಕರೆಯುತ್ತಿದ್ದ ಹಿರಿಯ ವೈರ್‌ಮನ್. ಸ್ವಿಚ್‌ಗಳಿರುವ ಪ್ಯಾನಲ್ ರೂಮಿನಲ್ಲಿದ್ದವನು, ಆಗಿನ್ನೂ ಕಾರ್ಯದರ್ಶಿಯಾಗಿರದ ಇವನೊಬ್ಬನೇ. ಊಟದ ಹೊತ್ತು. ಎಂಜಿನಿಯರ್ ಕಾಂಪೌಂಡಿನಲ್ಲೇ ಇದ್ದ ತನ್ನ ಕ್ವಾರ್ಟರ್ಸಿನಿಂದ ಮೂರು ಸಲ ಫೋನ್ ಮಾಡಿ, ಮೋಟರ್ ಶುರು ಮಾಡು, ನಿನ್ನ ಕೈಲಿ ಆಗದಿದ್ದರೆ ಆಗುವವರನ್ನು ಕೂರಿಸುತ್ತೇನೆ ಎಂದು ಗದರಿದ. ಇವನು ಸುರಂಗದ ಬಾಯಿಗೆ ಹೋಗಿ ಎರಡು ಸಲ ಕೂಗಿದ. ಉತ್ತರ ಬರಲಿಲ್ಲ. ಅಣ್ಣ ಊಟಕ್ಕೆ ಹೋಗಿರಬೇಕು ಎಂದುಕೊಂಡು ಬೋರ್ಡು ತೆಗೆದು ಸ್ವಿಚ್ ಎತ್ತಿದ.

ಅಣ್ಣ ಊಟಕ್ಕೆ ಹೋಗಿರಲಿಲ್ಲ.

ಪೊಲೀಸರು ಬರುವ ಮೊದಲೇ ಸಂಘದ ಹಳೆಯ ಅಧ್ಯಕ್ಷರು ಇವನ ಎರಡೂ ಭುಜ ಹಿಡಿದು, ನೀನು ಊಟಕ್ಕೆ ಹೋಗಿದ್ದೆ, ಬೋರ್ಡು ತೆಗೆದವನು ಎಂಜಿನಿಯರ್, ನಿನಗೆ ಗೊತ್ತಿರುವುದು ಇಷ್ಟೇ ಎಂದು ಹೇಳಿಕೊಟ್ಟು ಮೂರು ಸಲ ಹೇಳಿಸಿದರು. ತಮ್ಮವನನ್ನು ಉಳಿಸಿಕೊಳ್ಳುವುದು ಸಂಘದ ಕೆಲಸ, ಸಂಘ ಅದನ್ನು ಚೊಕ್ಕವಾಗಿ ಮಾಡಿತು. ತಾನು ಮನೆಯಲ್ಲೇ ಇದ್ದೆ ಎಂದು ಎಂಜಿನಿಯರ್ ಬಡಿದುಕೊಂಡ. ಅವನ ಹೆಂಡತಿ ಬಿಟ್ಟರೆ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಕೆಲಸ ಕಳೆದುಕೊಂಡು ಊರು ಬಿಟ್ಟ. ಮುಷ್ಕರವಾಯಿತು, ಬೀಗ ಬಂತು. ಅಣ್ಣನ ಹೆಂಡತಿಗೆ ಅನುಕಂಪದ ಆಧಾರದ ಮೇಲೆ ಕೆಲಸವೂ ಸಿಕ್ಕಿತು, ಅದೇ ಪ್ಯಾನಲ್ ರೂಮಿನಲ್ಲಿ. ಕೆಲವು ವರ್ಷದ ಮೇಲೆ ಅಧ್ಯಕ್ಷರು ಆ ಗುಟ್ಟಿನಲ್ಲಿ ತಮ್ಮ ಪಾಲನ್ನೂ ಇವನ ತಲೆಗೆ ಕಟ್ಟಿ ಕಣ್ಣು ಮುಚ್ಚಿದರು.

ಕಾರ್ಯದರ್ಶಿಯಾದ ಮೇಲೆ ಪ್ರತಿ ವರ್ಷ ಅಣ್ಣ ಸತ್ತ ದಿನ ಅವನ ಫೋಟೋ ಕೆಳಗೆ ನಿಂತು ಇವನೇ ಭಾಷಣ ಮಾಡಬೇಕು. ಎಂಜಿನಿಯರ್ ಬಂದದ್ದು, ಬೋರ್ಡು ಕಿತ್ತದ್ದು, ಸ್ವಿಚ್ ಎತ್ತಿದ್ದು. ವರ್ಷದಿಂದ ವರ್ಷಕ್ಕೆ ಭಾಷಣಕ್ಕೆ ಮೆರುಗು ಬರುತ್ತಾ ಹೋಯಿತು. ಹೋದ ವರ್ಷವಂತೂ ಜನ ಕಣ್ಣೊರೆಸಿಕೊಂಡರು. ಮೊದಲ ಸಾಲಿನಲ್ಲಿ ಅತ್ತಿಗೆ ಕೂತಿದ್ದಳು. ಅಣ್ಣನ ಹೆಂಡತಿಯಾದ್ದರಿಂದ ಅವನು ಅತ್ತಿಗೆ ಎಂದೇ ಕರೆಯುತ್ತಿದ್ದ. ಅವಳು ಮಾತ್ರ ಕಣ್ಣೊರೆಸಿಕೊಳ್ಳಲಿಲ್ಲ. ಅವತ್ತೇ ಅವನು, ಇನ್ನು ಸಾಕು, ಸಂಘದ ಮುಂದಿನ ಚುನಾವಣೆಗೆ ಈ ಹುದ್ದೆ ಬಿಟ್ಟುಬಿಡುತ್ತೇನೆ ಎಂದು ನಿರ್ಧರಿಸಿದ್ದ. ಆ ಚುನಾವಣೆ ಇವತ್ತು ಸಂಜೆಯೇ ಇತ್ತು.

ಮಧ್ಯಾಹ್ನ ಮೂರಕ್ಕೆ ನಿಧಾನಿ ಗೇಟಿನಲ್ಲಿ ಕಾಣಿಸಿಕೊಂಡ. ಅಕ್ಕ ಮೆಟ್ಟಿಲಿನಿಂದ ಬಿದ್ದಳೆಂದು ಹಿಂದಿನ ದಿನ ಫೋನ್ ಬಂದಿತ್ತಂತೆ. ಸುರಂಗದ ಆಚೆ ತುದಿಯಲ್ಲಿದ್ದ ಬಾಗಿಲಿನಿಂದಲೇ ಓಡಿ, ಹೆಂಡತಿಯನ್ನೂ ಕರೆದುಕೊಂಡು ಪಕ್ಕದ ಊರಿನ ಆಸ್ಪತ್ರೆಗೆ ಹೋಗಿದ್ದನಂತೆ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಅವಸರ ಮಾಡಿದ್ದ, ಅದೂ ಹೀಗಾಯಿತು. ಮುಖ ತೊಳೆದುಕೊಳ್ಳುವಾಗ ಕೊರಳಿನ ಕೀಲಿ ಕೈಗೆ ತಾಗಿದ ಮೇಲಷ್ಟೇ ನೆನಪಾಯಿತಂತೆ. ಬಾಯಿಗೆ ಬಂದಂತೆ ಬೈಸಿಕೊಳ್ಳುತ್ತಲೇ ಬೀಗ ತೆಗೆದ. ಮೂರನೇ ಮೋಟರ್ ತಿರುಗಿತು. ಹೊರಗೆ ಯಾರೋ ಸಿಳ್ಳೆ ಹಾಕಿದರು.

ಸುರಂಗದಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆಯೇ ಸಹಿ ಹಾಕಿದ್ದರೂ ಏನೂ ಆಗುತ್ತಿರಲಿಲ್ಲ. ಕಾರ್ಯದರ್ಶಿ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು, ಮೋಟರಿನ ಸದ್ದು ಕೇಳುತ್ತಾ ನಿಂತ.

ಸಂಜೆಯ ಸಭೆಯಲ್ಲಿ, ಬೆಳಿಗ್ಗೆ ಅವನನ್ನು ಶಪಿಸಿದವರೇ ಬೆನ್ನು ತಟ್ಟಿದರು. ನೀರು ಬಂದಿತ್ತು ನೋಡಿ, ಮನಸ್ಸು ದೊಡ್ಡದಾಗಿತ್ತು. ಅವನು ಎದ್ದು ನಿಂತು, ಇನ್ನು ಬೇರೆಯವರು ನೋಡಿಕೊಳ್ಳಲಿ ಎಂದು ಶುರು ಮಾಡುವಷ್ಟರಲ್ಲಿ ಅತ್ತಿಗೆ ಎದ್ದಳು. ಹನ್ನೆರಡು ವರ್ಷದಲ್ಲಿ ಸಭೆಯಲ್ಲಿ ಒಂದು ಸಲವೂ ತುಟಿ ಪಿಟಕ್ಕೆನ್ನದ ಹೆಂಗಸು. ಕಾರ್ಯದರ್ಶಿಯಾಗಿ ಇವನೇ ಮುಂದುವರಿಯಬೇಕು ಎಂದು ಸೂಚಿಸಿ ಕೂತಳು. ಚಪ್ಪಾಳೆ ನಿಲ್ಲಲೇ ಇಲ್ಲ. ಅಣ್ಣನ ಹೆಂಡತಿ ಹೇಳಿದ ಮೇಲೆ ಆಗುವುದಿಲ್ಲ ಎನ್ನಲು ಅವನಿಗೆ ನಾಲಗೆ ಹೊರಳಲಿಲ್ಲ.

ಸಭೆ ಮುಗಿದ ಮೇಲೆ ಪ್ಯಾನಲ್ ರೂಮಿಗೆ ಹೋದ. ಅವಳು ಆಗಲೇ ಶಿಫ್ಟಿಗೆ ಕೂತು ಮೀಟರು ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಅತ್ತಿಗೆ, ಅವತ್ತು ನಾನು ಊಟಕ್ಕೆ ಹೋಗಿರ್ಲಿಲ್ಲ.”

ಅವಳು ಬರೆಯುತ್ತಿದ್ದ ಅಂಕಿಯನ್ನು ಮುಗಿಸಿದಳು. “ಗೊತ್ತು” ಎಂದಳು.

ಅವನು ಸ್ಟೂಲು ಎಳೆದುಕೊಂಡು ಕೂತ. ಊರು ಬಿಡುವ ದಿನ ಎಂಜಿನಿಯರ್ ಹೆಂಡತಿಯೊಂದಿಗೆ ತನ್ನ ಮನೆಗೆ ಬಂದಿದ್ದನ್ನು ಅವಳು ಹೇಳಿದಳು. ಗದರಿದ್ದು ನಿಜ, ಆ ಪಾಪ ನನ್ನದೇ, ಆದರೆ ಸ್ವಿಚ್ ಎತ್ತಿದ ಕೈ ನನ್ನದಲ್ಲ ಎಂದು ಅತ್ತನಂತೆ. ಅವಳು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡಿದ್ದಳು. ಆಮೇಲೆ ಒಬ್ಬಳೇ ಕೂತು ಯೋಚಿಸಿದಾಗ, ಆ ಹೊತ್ತಿನಲ್ಲಿ ಪ್ಯಾನಲ್ ರೂಮಿನಲ್ಲಿ ಇನ್ಯಾರು ಇದ್ದಿರಬಹುದು ಎಂಬುದಕ್ಕೆ ಬಹಳ ಬುದ್ಧಿ ಬೇಕಾಗಿರಲಿಲ್ಲ.

“ಮತ್ತೆ ಯಾಕೆ ಸುಮ್ನಿದ್ರಿ?”

“ಮೊದಲು ನಿನ್ನ ಕತ್ತು ಹಿಸುಕಬೇಕು ಅನ್ನಿಸ್ತಿತ್ತು. ಆದ್ರೆ ಆಗ ಬಾಯಿ ಬಿಟ್ಟಿದ್ರೆ ಮುಷ್ಕರ ಮುರಿದುಬೀಳ್ತಿತ್ತು. ಬೀಗ ಬರ್ತಿರ್ಲಿಲ್ಲ, ನನಗೆ ಕೆಲಸಾನೂ ಸಿಗ್ತಿರ್ಲಿಲ್ಲ. ಆ ಎಂಜಿನಿಯರ್ ವಿಷಯದಲ್ಲಿ ನಿನ್ನ ಪಾಲು ಎಷ್ಟಿದೆಯೋ ನನ್ನ ಪಾಲೂ ಅಷ್ಟೇ ಇದೆ.”

“ನನ್ನ ಬಿಟ್ಬಿಡಿ ಅತ್ತಿಗೆ. ಬೇರೆ ಯಾರನ್ನಾದ್ರೂ ಮಾಡಿ. ನನ್ನ ಕೈಲಿ ಇನ್ನಾಗಲ್ಲ.”

ಆಗ ಮಾತ್ರ ಅವಳು ಕುರ್ಚಿ ತಿರುಗಿಸಿ ಅವನನ್ನು ನೇರವಾಗಿ ನೋಡಿದಳು.

“ಇವತ್ತು ಹೊರಗಡೆ ಅಷ್ಟು ಜನ ನಿಂತಿದ್ರಲ್ಲ, ಎಲ್ಲರೂ ಒಳ್ಳೆಯವರೇ. ಯಾರನ್ನ ಆ ಕುರ್ಚಿ ಮೇಲೆ ಕೂರಿಸಿದ್ರೂ ಮಧ್ಯಾಹ್ನದೊಳಗೆ ಸಹಿ ಹಾಕಿರೋರು. ನೀನು ಹಾಕಲ್ಲ. ಯಾರು ಬಂದು ಕಾಲಿಗೆ ಬಿದ್ರೂ ಹಾಕಲ್ಲ. ಯಾಕೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ನಿನ್ನ ಹೆಸರು ಹೇಳಿದ್ದು.”

ಅವನು, ಹಾಗಾದರೆ ನನ್ನನ್ನು ಕ್ಷಮಿಸಿದ್ದೀರಾ ಎಂದು ಕೇಳಿದ.

“ಇಲ್ಲ” ಎಂದಳು. ಕೋಪವಿರಲಿಲ್ಲ, ಮೀಟರಿನ ಅಂಕಿ ಓದಿ ಹೇಳಿದಂತಿತ್ತು. ಮತ್ತೆ ಲಾಗ್‌ಬುಕ್ಕಿನ ಕಡೆ ತಿರುಗಿ ಹಾಳೆ ಮಗುಚಿದಳು.

“ನಾಳೆ ಎರಡನೇ ಮೋಟರಿಗೆ ಮೂರು ಜನ ಇಳೀತಾರೆ. ಬೇಗ ಬಾ.”

“ಬರ್ತೀನಿ” ಎಂದ.