ಒಂದೇ ಲೋಟದ ಮಷೀನು

ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಿತ್ತು ಆ ಕಾಫಿ ಮಷೀನಿನ ಬೆಲೆ. ಅಕ್ಕ ತಂಗಿ ಇಬ್ಬರನ್ನೂ ಇಷ್ಟು ವರ್ಷ ಸಾಕಿದ ಹೊಲಿಗೆ ಮಷೀನಿಗೂ ಅವರು ಅಷ್ಟು ಕೊಟ್ಟಿರಲಿಲ್ಲ. ತಂಗಿ ಫೋನಿನಲ್ಲಿ ಅದರ ಚಿತ್ರ ತೋರಿಸಿ ಬೆಲೆ ಹೇಳಿದಾಗ ಅಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಬೈಯುವುದಕ್ಕೆ ಬಾಯಿ ಖಾಲಿ ಇರಬೇಕಲ್ಲ.

"ಒಂದು ಲೋಟ ಕಾಫಿಗೆ ಇಷ್ಟು ದುಡ್ಡಾ? ಅದೇನು ಕಾಫಿ ಕೊಟ್ಟು ಕಾಲೂ ಒತ್ತುತ್ತಾ?"

"ಕಾಲು ಒತ್ತಲ್ಲ. ಹಾಲಿನ ಪಾತ್ರೆ ಎತ್ತೋದು ತಪ್ಪುತ್ತೆ. ಗುಂಡಿ ಒತ್ತಿದ್ರೆ ಆಯ್ತು."

ಅಕ್ಕನ ಬಲಗೈಯ ಮಣಿಕಟ್ಟು ಸೋತುಹೋಗಿತ್ತು. ಕತ್ತರಿ ಹಿಡಿದು ಹಿಡಿದು ನರ ಒತ್ತಿಕೊಂಡಿದೆ ಎಂದಿದ್ದರು ಡಾಕ್ಟರು. ಸೂಜಿ ಹಿಡಿಯುತ್ತಿತ್ತು, ಬಟ್ಟೆ ಸರಿಸುತ್ತಿತ್ತು. ಭಾರ ಎತ್ತಲು ಹೋದರೆ ಮಾತ್ರ ಹೇಳದೆ ಕೇಳದೆ ಸೋತುಬಿಡುತ್ತಿತ್ತು. ಹೋದ ತಿಂಗಳು ತಂಗಿ ಜ್ವರದಿಂದ ಮಲಗಿದ್ದ ಬೆಳಿಗ್ಗೆ ಅಕ್ಕ ಕುದಿಯುವ ಹಾಲನ್ನು ಇಳಿಸಲು ಹೋಗಿ ಪಾದದ ಮೇಲೆಲ್ಲ ಸುರಿದುಕೊಂಡಿದ್ದಳು. ಗಾಯ ಮಾಯ್ದಿತ್ತು, ಕಲೆ ಹಾಗೇ ಇತ್ತು.

ತಂಗಿಗೆ ಐವತ್ತು ದಾಟಿತ್ತು. ಆದರೂ ಮನೆಯಲ್ಲಿ ಪುಟ್ಟಿಯೇ. ಈ ಐವತ್ತರ ಪುಟ್ಟಿ ಈಗ ಮದುವೆಯಾಗಲು ಹೊರಟಿದ್ದಳು. ವರ ಬೀದಿಯ ಕೊನೆಯ ಕನ್ನಡಕದಂಗಡಿಯಲ್ಲಿ ಸಂಬಳಕ್ಕಿದ್ದವರು, ಹೆಂಡತಿ ತೀರಿಕೊಂಡು ಬಹಳ ಕಾಲವಾದವರು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದರು. ಒಂದು ಪ್ಯಾಂಟಾಯಿತು, ಎರಡಾಯಿತು. ಮೂರನೆಯದಕ್ಕೆ ಅಕ್ಕನಿಗೆ ಅನುಮಾನ ಬಂತು, ಯಾಕೆಂದರೆ ಅದರ ಉದ್ದ ಸರಿಯಾಗಿಯೇ ಇತ್ತು. "ಪ್ಯಾಂಟು ಹೊಲಿಸೋಕೆ ಬಂದೋರು ನಮ್ಮನೆ ಹೊಲಿಗೇನೇ ಬಿಚ್ಚಿಬಿಟ್ರು" ಎಂದು ಅವಳು ನಗುತ್ತಲೇ ಹೇಳಿದ್ದಳು. ಪುಟ್ಟಿಯೂ ನಕ್ಕಿದ್ದಳು, ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು.

ಕನ್ನಡಕದವರು ಅರ್ಧ ದಿನದ ಬಸ್ ಪ್ರಯಾಣದಷ್ಟು ದೂರದ ಊರಿನಲ್ಲಿ ಸ್ವಂತ ಅಂಗಡಿ ಹಾಕುವವರಿದ್ದರು. ನೀವೂ ನಮ್ಮ ಜೊತೆಗೇ ಬನ್ನಿ ಎಂದು ಅಕ್ಕನನ್ನೂ ಕರೆದರು. "ಶಿವಪೂಜೇಲಿ ಕರಡಿ ಥರ ನಾನ್ಯಾಕೆ?" ಎಂದು ಅವಳು ಕೈಮುಗಿದುಬಿಟ್ಟಳು. ಆಗ ಪುಟ್ಟಿ ಹೇಳಿದ್ದು ಒಂದೇ ಮಾತು: "ನಿನ್ನ ಬೆಳಗಿನ ಕಾಫಿಗೆ ಒಂದು ದಾರಿ ಮಾಡದೆ ನಾನು ಈ ಹೊಸ್ತಿಲು ದಾಟಲ್ಲ ಅಕ್ಕ."

ಪಾಪ, ಪ್ರೀತಿಯಿಂದ ಆಡಿದ ಮಾತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ಅಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದಾರಿಯಾದರೆ ತಾನೆ ಇವಳು ಹೊಸ್ತಿಲು ದಾಟುವುದು?

ಅಲ್ಲಿಂದ ಶುರುವಾಯಿತು ನೆಪಗಳ ಸುಗ್ಗಿ. ಹೋಟೆಲಿನಿಂದ ತರಿಸೋಣವೆಂದರೆ ಎದ್ದ ಕೂಡಲೇ ಬೇಕು, ಹೋಟೆಲು ತೆರೆಯುವತನಕ ತಲೆನೋವು ತಡೆಯಲ್ಲ. ಬಿಸಿನೀರಿನ ಕೆಟಲ್ ಎಂದರೆ ಅದನ್ನು ಎತ್ತುವುದೂ ಇದೇ ಕೈ. ಮಷೀನೆಂದರೆ ಬೆಲೆ ಜಾಸ್ತಿ. ಅದಕ್ಕೆ ಹಾಕುವ ಪುಟ್ಟ ಪುಟ್ಟ ಕಾಫಿಪುಡಿ ಡಬ್ಬಿಗಳ ಖರ್ಚು ಬೇರೆ. ಕೆಟ್ಟರೆ ರಿಪೇರಿ ಮಾಡುವವರು ಯಾರು? ಮದುವೆ ನೋಂದಣಿಗೆ ಗೊತ್ತು ಮಾಡಿದ್ದ ದಿನ ಒಮ್ಮೆ ಮುಂದಕ್ಕೆ ಹೋಯಿತು. ಕನ್ನಡಕದವರು ಪರವಾಗಿಲ್ಲ ಎಂದರು. ಇನ್ನೊಮ್ಮೆ ಹೋಯಿತು. ಈ ಸಲ ಅವರು ಕನ್ನಡಕ ಒರೆಸಿ ಹಾಕಿಕೊಂಡು ಹೊರಟುಹೋದರು. ಪುಟ್ಟಿ ಆ ಸಂಜೆ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂತವಳು ಒಂದೇ ಕಾಜಾವನ್ನು ಮೂರು ಸಲ ಬಿಚ್ಚಿ ಹೊಲಿದಳು.

ಅಕ್ಕ ಅದನ್ನು ನೋಡಿದಳು. ತಾನೇ ಎತ್ತಿ ಸಾಕಿದ ಹುಡುಗಿಯ ಮದುವೆಗೆ ತಾನೇ ಕಲ್ಲು ಹಾಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನೆಪ ಬಿಡಲಿಲ್ಲ. ಕೆಟ್ಟವಳಲ್ಲ ಅವಳು, ಹೆದರಿದವಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲದ ಮನೆಯನ್ನು ನೆನೆದು ಅವಳು ನಡುರಾತ್ರಿಯಲ್ಲೇ ಎದ್ದು ಕೂರುತ್ತಿದ್ದಳು.

ಮುಂದಿನ ಭಾನುವಾರ ಪುಟ್ಟಿ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಅಂಗಡಿಗೆ ಹೋದಳು. ಫ್ರಿಜ್ಜು, ವಾಷಿಂಗ್ ಮಷೀನುಗಳ ಸಾಲು ದಾಟಿದರೆ ಮೂಲೆಯ ಮೇಜಿನ ಮೇಲೆ ಆ ಮಷೀನು ಕೂತಿತ್ತು. ಹೊಲಿಗೆ ಮಷೀನಿನ ತಲೆಯಷ್ಟು ಗಾತ್ರವೂ ಇರಲಿಲ್ಲ. ಮಾರುವ ಹುಡುಗಿ ಅದರ ಬೆನ್ನು ಸವರಿ ಹೇಳಿದಳು: "ಒಬ್ಬರಿಗೆ ಅಂತಾನೇ ಮಾಡಿರೋದು ಆಂಟಿ. ಒಂದು ಕ್ಯಾಪ್ಸೂಲ್, ಒಂದು ಕಪ್. ಹಾಲಿನ ಪುಡಿ ಒಳಗೇ ಇರುತ್ತೆ."

"ಕ್ಯಾಪ್ಸೂಲಾ? ಊಟಕ್ಕೆ ಮುಂಚೆ ತಗೋಬೇಕಾ, ಊಟ ಆದ್ಮೇಲಾ?"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಕ್ಕ ಬಿಡಲಿಲ್ಲ. "ಮನೇಲಿ ಇಬ್ಬರಿದ್ರೆ?"

"ಎರಡು ಸಲ ಮಾಡ್ಬೇಕು. ಎರಡನೇದು ಆಗೋ ಹೊತ್ತಿಗೆ ಮೊದಲನೇದು ಆರುತ್ತೆ. ಇಬ್ಬರಿದ್ರೆ ಇದು ದಂಡ ಆಂಟಿ, ನಾನೇ ಬೇಡ ಅಂತೀನಿ."

ಅಕ್ಕ ಗೆದ್ದವಳಂತೆ ತಂಗಿಯ ಕಡೆ ತಿರುಗಿದಳು. "ಕೇಳಿಸ್ತೇನೇ?"

"ಕೇಳಿಸ್ತು" ಎಂದಳು ಪುಟ್ಟಿ. ಇಬ್ಬರಿರುವುದಿಲ್ಲವಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಅಕ್ಕನಿಗೆ ಕೇಳಿಸದೆಯೂ ಇರಲಿಲ್ಲ.

ಹುಡುಗಿ ಇಬ್ಬರಿಗೂ ರುಚಿ ತೋರಿಸುತ್ತೇನೆಂದು ಎರಡು ಕಾಗದದ ಲೋಟ ತೆಗೆದಳು. "ಸಕ್ಕರೆ ಎಷ್ಟು ಹಾಕಲಿ?"

"ಎರಡು ಚಮಚ. ಇಬ್ಬರಿಗೂ" ಎಂದಳು ಅಕ್ಕ.

"ನನಗೆ ಸಕ್ಕರೆ ಬೇಡಮ್ಮ" ಎಂದಳು ಪುಟ್ಟಿ.

ಅಕ್ಕನಿಗೆ ತಮಾಷೆಯೆನಿಸಿತು. "ಯಾವಾಗಿಂದ? ಡಾಕ್ಟರು ಬಿಡು ಅಂದ್ರಾ?"

"ಇಲ್ಲ. ಅವರ ಅಂಗಡೀಲಿ ಸಕ್ಕರೆ ಇಡಲ್ಲ. ಅಲ್ಲಿ ಕುಡಿದಾಗ್ಲೇ ಗೊತ್ತಾಗಿದ್ದು, ನನಗೆ ಹೀಗೇ ಇಷ್ಟ ಅಂತ."

"ಮತ್ತೆ ಮನೇಲಿ? ಇಷ್ಟು ವರ್ಷ?"

"ನಿನಗೆ ಸಿಹಿ ಬೇಕಲ್ಲ. ಇರೋ ಇಬ್ಬರಿಗೆ ಎರಡು ಥರ ಯಾಕೆ ಅಂತ ನಾನೂ ಅದನ್ನೇ ಕುಡೀತಿದ್ದೆ."

ಅಕ್ಕ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಮ್ಮ ಸತ್ತ ವರ್ಷ ಪುಟ್ಟಿ ಇನ್ನೂ ಲಂಗದ ಹುಡುಗಿ. ದಿನಗಟ್ಟಲೆ ಊಟವಿಲ್ಲ, ಮಾತಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿತ್ತು. ಒಂದು ಬೆಳಿಗ್ಗೆ ತಾನಾಗಿಯೇ ಎದ್ದು ಒಲೆ ಹೊತ್ತಿಸಿ ಕಾಫಿ ಮಾಡಿ ತಂದುಕೊಟ್ಟಿತು. ಬಾಯಿಗಿಟ್ಟರೆ ಪಾನಕ! ಅಕ್ಕ ಆಗ ಕಾಫಿಗೆ ಸಕ್ಕರೆಯನ್ನೇ ಮುಟ್ಟದವಳು. ಕಹಿ ನಾಲಿಗೆಯವಳು ಎಂದು ಅಮ್ಮ ರೇಗಿಸುತ್ತಿದ್ದಳು. ಆದರೆ ಎದುರಿಗೆ ನಿಂತ ಆ ಸಣ್ಣ ಮುಖ ಎಷ್ಟೋ ದಿನದ ಮೇಲೆ ಏನನ್ನೋ ಕಾಯುತ್ತಿತ್ತು. "ಎಷ್ಟು ಚೆನ್ನಾಗಿದೆಯೇ! ಇನ್ಮೇಲೆ ದಿನಾ ಹೀಗೇ ಮಾಡು" ಎಂದುಬಿಟ್ಟಿದ್ದಳು. ಹುಡುಗಿ ದಿನಾ ಹಾಗೇ ಮಾಡಿತು.

"ನನಗೂ ಸಿಹಿ ಸೇರ್ತಿರಲಿಲ್ಲ ಕಣೇ" ಎಂದಳು ಅಕ್ಕ. "ನಿನ್ನ ಮನಸ್ಸು ನೋಯುತ್ತೆ ಅಂತ ಅವತ್ತು ಚೆನ್ನಾಗಿದೆ ಅಂದೆ. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಪುಟ್ಟಿ ಮೊದಲು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದಳು. ಆಮೇಲೆ ಇಬ್ಬರಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತಿತು. ನೀರು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಕಾಫಿ ಕುಡಿದೂ ಅಕ್ಕನಿಗೆ ಗೊತ್ತಾಗದ್ದು, ಆ ಕನ್ನಡಕದ ಮನುಷ್ಯನ ಅಂಗಡಿಯಲ್ಲಿ ನಾಲ್ಕು ದಿನಕ್ಕೆ ಹೊರಬಿದ್ದಿತ್ತು. ಅವಳಿಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ಒಂದು ಸುಳ್ಳಿಗೆ ಹುಡುಗಿ ಇಷ್ಟು ವರ್ಷ ಸಕ್ಕರೆ ಕುಡಿಯಿತು. ಇನ್ನು ಬೆಲೆ ಜಾಸ್ತಿ ಎಂಬ ಈ ಸುಳ್ಳಿಗೆ ಏನೇನು ಕುಡಿದೀತೋ.

"ಕಟ್ಟಿಕೊಡಮ್ಮ ಇದನ್ನ" ಎಂದಳು ಮಾರುವ ಹುಡುಗಿಗೆ.

ಪುಟ್ಟಿಗೆ ನಂಬಿಕೆಯಾಗಲಿಲ್ಲ. "ಬೆಲೆ ಜಾಸ್ತಿ ಅಂದ್ಯಲ್ಲ ಅಕ್ಕ?"

"ಜಾಸ್ತೀನೇ. ಕಟ್ಟಿಸು, ಮನಸ್ಸು ಬದಲಾಗೋಕೆ ಮುಂಚೆ."

ನೋಂದಣಿ ಕಚೇರಿಯಲ್ಲಿ ಅಕ್ಕನೇ ಸಾಕ್ಷಿ ಸಹಿ ಹಾಕಿದಳು, ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟು. ಬಸ್ಸು ಹೊರಡುವಾಗ ಪುಟ್ಟಿ ಕಿಟಕಿಯಿಂದ ಕೂಗಿ ಹೇಳಿದ್ದು ಮಷೀನಿಗೆ ನೀರು ತುಂಬುವ ವಿಷಯ.

ಮರುದಿನ ಬೆಳಿಗ್ಗೆ ಅಕ್ಕ ಎದ್ದಾಗ ಅಡುಗೆಮನೆ ಸುಮ್ಮನಿತ್ತು. ಕ್ಯಾಪ್ಸೂಲ್ ಡಬ್ಬಿ ಹಾಕಿದಳು, ಗುಂಡಿ ಒತ್ತಿದಳು. ಮಷೀನು ಗೊರಗೊರ ಸದ್ದು ಮಾಡಿ ಸರಿಯಾಗಿ ಒಂದು ಲೋಟ ತುಂಬಿಸಿ ನಿಂತಿತು. ಸಕ್ಕರೆ ಹಾಕದೆ, ತನ್ನ ಹಳೆಯ ನಾಲಿಗೆಗೆ ಒಪ್ಪುವ ಹಾಗೆ, ಒಂದು ಗುಟುಕು ಕುಡಿದಳು. ಕಹಿ. ಇನ್ನೊಂದು ಗುಟುಕು ಗಂಟಲಲ್ಲಿ ಇಳಿಯಲೇ ಇಲ್ಲ. ಆ ಕಹಿ ನಾಲಿಗೆಯ ಹುಡುಗಿ ಎಂದೋ ಹೋಗಿದ್ದಳು. ಅವಳ ಜಾಗದಲ್ಲಿ ಪುಟ್ಟಿಯ ಕೈಯ ಸಿಹಿಗೆ ಒಗ್ಗಿಹೋದ ಮುದುಕಿಯೊಬ್ಬಳು ಕೂತಿದ್ದಳು. ಅಕ್ಕ ಎದ್ದು ಸಕ್ಕರೆ ಡಬ್ಬಿ ತಂದಳು. ಒಂದು ಚಮಚ ಹಾಕಿ ನೋಡಿದಳು. ಸಾಲಲಿಲ್ಲ. ಎರಡನೆಯದು ಹಾಕಿ ಕಲಕುತ್ತಿರುವಾಗ ಫೋನು ಬಂತು.

"ಕಾಫಿ ಆಯ್ತಾ ಅಕ್ಕ?"

"ಕುಡೀತಾ ಇದ್ದೀನಿ."

"ಸಕ್ಕರೆ ಹಾಕ್ಕೊಂಡಿಲ್ಲ ತಾನೆ? ಇನ್ನಾದ್ರೂ ನಿನಗೆ ಬೇಕಾದ ಹಾಗೆ ಕುಡಿ."

ಅಕ್ಕ ಲೋಟಕ್ಕೆ ತಗುಲಿ ಸದ್ದಾಗದ ಹಾಗೆ ಚಮಚವನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದುಕೊಂಡಳು.

"ಇಲ್ಲ ಕಣೇ. ಎಷ್ಟು ಚೆನ್ನಾಗಿದೆ."

"ಹಾಗಾದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನು."

"ಮೋಸ ಇಲ್ಲ" ಎಂದಳು ಅಕ್ಕ. "ಇನ್ಮೇಲೆ ದಿನಾ ಹೀಗೇ."