ಗುರುಶಾಂತಮ್ಮನ ರಕ್ತ ಎಲ್ಲಿಗೆ ಹೋಗ್ತಿತ್ತು?

ಮಂಡಿ ನೋವಿಲ್ಲದ ಮನೆ ನಮ್ಮ ಕಡರನಾಯಕನಹಳ್ಳಿಯಲ್ಲಿ ಹುಡುಕಿದರೂ ಸಿಗಲ್ಲ. ಗುರುಶಾಂತಮ್ಮಂದು ಮಾತ್ರ ಮಿತಿ ಮೀರಿತ್ತು. ವರ್ಷಗಟ್ಟಲೆ ಶಾಲೆಯ ಬಿಸಿಯೂಟದ ಒಲೆ ಮುಂದೆ ನಿಂತವರು. ಈಗ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರರು. ದಾವಣಗೆರೆಯ ಮೂಳೆ ಡಾಕ್ಟರು ನೋಡಿ, ಮಂಡಿ ಪೂರ್ತಿ ಸವೆದಿದೆ, ಬದಲಾಯಿಸಬೇಕು ಅಂದರು. ಆಪರೇಷನ್ ದಿನವೂ ಗೊತ್ತಾಯಿತು.

ನಾನು ಶಾಂತಲಾ, ಇದೇ ಊರಿನ ಆಶಾ ಕಾರ್ಯಕರ್ತೆ. ಆಪರೇಷನ್‌ಗೆ ಇನ್ನೊಂದು ವಾರ ಇದ್ದಾಗ ಗುರುಶಾಂತಮ್ಮನ ಗಂಡ ಮುರುಗೇಶಪ್ಪ ಬಸ್ಸಿಳಿದವರೇ ಸೀದಾ ನಮ್ಮ ಬಾಗಿಲಿಗೆ ಬಂದರು. ರಿಪೋರ್ಟನ್ನ ನನ್ನ ಮುಖಕ್ಕೇ ಹಿಡಿದರು.

"ನೋಡವ್ವಾ ಇದನ್ನ! ಕೆಟ್ಟಿರೋದು ಮಂಡಿ, ಇವ್ರು ನೋಡೋದು ರಕ್ತ. ಹಿಮೋಗ್ಲೋಬಿನ್ನು ಎಂಟೇ ಐತಂತೆ. ಹನ್ನೆರಡು ದಾಟೋತನಕ ಮುಟ್ಟಲ್ಲ ಅಂತಾರೆ. ಎರಡು ಬಾಟ್ಲಿ ರಕ್ತ ಏರ್ಸಿ ಮಾಡಿ ಮುಗಿಸ್ರಿ ಅಂದೆ, ಅದಕ್ಕೂ ಒಪ್ಪಲ್ಲ!"

"ಕೂಡ್ರಿ ದೊಡ್ಡಪ್ಪ. ಮಂಡಿ ಆಪರೇಷನ್‌ನಾಗ ರಕ್ತ ಹೋಗುತ್ತೆ. ಮೊದಲೇ ಕಮ್ಮಿ ಇದ್ದೋರಿಗೆ ಸುಸ್ತು ಜಾಸ್ತಿ, ಸೋಂಕಿನ ಭಯ ಜಾಸ್ತಿ, ಎದ್ದು ಓಡಾಡೋದು ತಡ ಆಗುತ್ತೆ. ಇನ್ನೊಬ್ಬರ ರಕ್ತ ಏರ್ಸೋದು ಜೀವಕ್ಕೆ ಬಂದಾಗ. ಟೈಮ್ ಇದ್ದಾಗ ನಮ್ಮ ರಕ್ತ ನಾವೇ ಹೆಚ್ಚಿಸ್ಕೋಬೇಕು."

"ಏನೋಪ್ಪ. ಅವಳು ನರಳೋದು ಕೇಳೋನು ನಾನು," ಅಂತ ಗೊಣಗುತ್ತಾ ಹೋದರು.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯ ಶೀಟು ಕಿಟಕಿಯಲ್ಲಿತ್ತು. ಎಣಿಸಿದೆ. ಖಾಲಿಯಾಗಿದ್ದು ಮೂರೇ ಮೂರು! ನನಗೆ ಮೈಯೆಲ್ಲ ಉರಿಯಿತು.

"ಏನ್ ದೊಡ್ಡಮ್ಮ ಇದು? ಶಾಲೆ ಮಕ್ಕಳು ಮಾತ್ರೆ ನುಂಗಲ್ಲ ಅಂದ್ರೆ ಕಿವಿ ಹಿಂಡಿ ನುಂಗಿಸ್ತಿದ್ದೋರು ನೀವೇ ಅಲ್ವಾ?"

"ಹೊಟ್ಟೆ ತೊಳಸಿದಂಗೆ ಆಗ್ತೈತೆ ಕಣೇ. ಚಹಾದ ಜೊತೆ ನುಂಗಿದ್ರೂ ನಿಲ್ಲಂಗಿಲ್ಲ."

"ಚಹಾದ ಜೊತೆ! ಚಹಾ ಕುಡಿದ್ರೆ ಕಬ್ಬಿಣ ಮೈಗೆ ಹತ್ತಲ್ಲ ಅಂತ ಎಷ್ಟು ಸಲ ಹೇಳ್ಲಿ? ಮಾತ್ರೆಗೂ ಚಹಾಕ್ಕೂ ಒಂದೆರಡು ತಾಸು ಅಂತರ ಇರ್ಲಿ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ರಿ. ಮಲ ಕಪ್ಪಾದ್ರೆ ಹೆದರಬ್ಯಾಡ್ರಿ, ಮಾತ್ರೆಯಿಂದ ಹಂಗಾಗುತ್ತೆ."

"ಅಯ್ಯೋ, ಅದು ಮಾತ್ರೆಯಿಂದಲ್ಲ ಬಿಡು. ಯುಗಾದಿಗಿಂತ ಮುಂಚಿಂದ ನಂದು ಡಾಂಬರಿನಂಗೆ ಕಪ್ಪಗೇ ಐತೆ."

ನನ್ನ ಸಿಟ್ಟೆಲ್ಲ ಒಮ್ಮೆಲೇ ಇಳಿಯಿತು. ಮಾತ್ರೆಗಿಂತ ಮುಂಚಿಂದಲೇ ಡಾಂಬರಿನಂಗೆ ಕಪ್ಪಗಿದ್ದರೆ ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿರಬಹುದು. "ಇದನ್ನ ಡಾಕ್ಟರಿಗೆ ಹೇಳಿದ್ರಾ?"

"ಮಂಡಿ ಡಾಕ್ಟರ್ ಮುಂದೆ ಅದನ್ನೆಂಗೆ ಹೇಳ್ಲಿ? ನಾಚಿಕೆ ಆಗಂಗಿಲ್ವಾ?"

"ನೋವಿಗೆ ಏನು ತಗೋತೀರಿ?"

ದಿಂಬಿನ ಕೆಳಗಿಂದ ಒಂದು ಡಬ್ಬಿ ತೆಗೆದರು. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಗಳು. ದಿನಕ್ಕೆ ಎರಡು, ಒಮ್ಮೊಮ್ಮೆ ಮೂರು. ಅದೂ ಖಾಲಿ ಹೊಟ್ಟೆಗೆ. ಮೂರು ವರ್ಷದಿಂದ! ತಂದುಕೊಡುತ್ತಿದ್ದವರು ಬೇರೆ ಯಾರೂ ಅಲ್ಲ, ಬಾಗಿಲಲ್ಲಿ ನಿಂತಿದ್ದ ಮುರುಗೇಶಪ್ಪನವರೇ.

"ಈಗಲೇ ದಾವಣಗೆರೆಗೆ ಹೊರಡಬೇಕು," ಅಂದೆ.

"ಮತ್ತೆ ಆಸ್ಪತ್ರೆನಾ? ಸಾಕಾಗೈತವ್ವಾ ನಂಗೆ!"

"ನಂಗೂ ಸಾಕಾಗೈತೆ ದೊಡ್ಡಪ್ಪ. ಹೊರಡ್ರಿ."

ಆಸ್ಪತ್ರೆಯಲ್ಲಿ ಬಾಯಿಂದ ಕೊಳವೆ ಬಿಟ್ಟು ಹೊಟ್ಟೆ ನೋಡಿದರು. ಆ ನೋವಿನ ಮಾತ್ರೆಗಳಿಂದ ಒಳಗೆ ಹುಣ್ಣಾಗಿತ್ತು. ಅದರಿಂದ ರಕ್ತ ಜಿನುಗುತ್ತಿತ್ತು. ಅಷ್ಟು ದಿನ ಮೈಯ ರಕ್ತ ಸೋರಿ ಹೋಗುತ್ತಿದ್ದದ್ದು ಇಲ್ಲಿಂದಲೇ.

ಡಾಕ್ಟರು ಮುರುಗೇಶಪ್ಪನವರಿಗೆ ಬಿಡಿಸಿ ಹೇಳಿದರು: "ಮಂಡಿ ಆಪರೇಷನ್ ಆದ್ಮೇಲೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಔಷಧಿ ಕೊಡ್ತೀವಿ. ನೀವು ಹಟ ಮಾಡಿದ ದಿನವೇ ಮಾಡಿದ್ದಿದ್ರೆ, ಈ ಹುಣ್ಣಿಂದ ರಕ್ತ ಹರಿಯೋದು ನಿಲ್ಲಿಸೋದೇ ಕಷ್ಟ ಆಗ್ತಿತ್ತು. ಜೀವಕ್ಕೇ ಬರ್ತಿತ್ತು."

ಮುರುಗೇಶಪ್ಪ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತರು. "ನಾನೇ ತಂದುಕೊಟ್ಟೆನಲ್ಲವ್ವಾ," ಅಂದರು. ಹೆಂಡತಿಯ ಕೈ ಹಿಡಿದುಕೊಂಡರು.

ಆ ನೋವಿನ ಮಾತ್ರೆಗಳು ನಿಂತವು. ಹುಣ್ಣಿಗೆ ಔಷಧಿ ಶುರುವಾಯಿತು. ಮಾತ್ರೆ ಹೊಟ್ಟೆಗೆ ಒಗ್ಗದ ಕಾರಣ ಕಬ್ಬಿಣದ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಟ್ಟರು. ಮನೆಯಲ್ಲಿ ನುಗ್ಗೆಸೊಪ್ಪು, ಹುರುಳಿಕಾಳು, ಕಡಲೆ. ಅಡುಗೆ ಯಾರದ್ದು ಅಂತೀರಿ? ಮುರುಗೇಶಪ್ಪನವರದ್ದು! "ಉಪ್ಪೇ ಇಲ್ಲ," ಅಂತ ಗುರುಶಾಂತಮ್ಮ ಬೈಯುತ್ತಲೇ ಉಂಡರು. ಮೂರು ತಿಂಗಳಿಗೆ ರಕ್ತ ಹನ್ನೆರಡೂವರೆಗೆ ಬಂತು. ಹುಣ್ಣು ಮಾಯ್ದದ್ದನ್ನು ನೋಡಿಕೊಂಡೇ ಡಾಕ್ಟರು ಆಪರೇಷನ್ ಮಾಡಿದರು. ಒಂದು ಬಾಟ್ಲಿ ರಕ್ತವನ್ನೂ ಏರಿಸಬೇಕಾಗಲಿಲ್ಲ. ಮಾರನೇ ದಿನವೇ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ಮಂಡಿಯೋ ಸೊಂಟದ ಕೀಲೋ ಬದಲಾಯಿಸಬೇಕು ಅಂತ ಡಾಕ್ಟರು ಹೇಳಿದ್ದರೆ, ಒಂದೆರಡು ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಕಮ್ಮಿ ಇದ್ದರೆ ಯಾಕೆ ಕಮ್ಮಿ ಅಂತ ಕೇಳಿ. ನುಂಗುವ ಮಾತ್ರೆ ಒಂದನ್ನೂ ಮುಚ್ಚಿಡಬೇಡಿ. ಮಲ ಕಪ್ಪಗಿದ್ದರೆ ಬಾಯಿಬಿಟ್ಟು ಹೇಳಿ. ಆಪರೇಷನ್ ಮುಂದಕ್ಕೆ ಹೋದರೆ ಡಾಕ್ಟರ ಮೇಲೆ ರೇಗಬೇಡಿ. ಸವೆದ ಮಂಡಿ ಮೂರು ತಿಂಗಳು ಕಾಯುತ್ತದೆ, ಒಳಗೊಳಗೇ ಸೋರುವ ರಕ್ತ ಕಾಯುವುದಿಲ್ಲ.