ಕೊನೆಯ ಮನೆಗೂ ನೀರು

ಸಮಾರಂಭಕ್ಕೆ ಮೊದಲೇ ವರದಿ ಬರೆದಿಡುವುದು ಪತ್ರಿಕೆಯವರ ಹಳೆಯ ಚಾಳಿ. ಪುಟ ಸಂಜೆಗೇ ಮುಗಿಯಬೇಕು, ಗಣ್ಯರೋ ಸಂಜೆ ಕಳೆದರೂ ಬರುವುದಿಲ್ಲ. ಹಾಗಾಗಿ ಆಡದ ಮಾತು, ಬೀಳದ ಚಪ್ಪಾಳೆ ಎಲ್ಲವೂ ಮಧ್ಯಾಹ್ನಕ್ಕೇ ತಯಾರು. ಅರ್ಧ ಆಯುಷ್ಯ ಜಿಲ್ಲಾ ಪತ್ರಿಕೆಯ ವರದಿಗಾರನಾಗಿದ್ದು ಈಗ ನಗರಸಭೆಯ ಸದಸ್ಯನಾದವನಿಗೂ ಆ ಗುಣ ಸುಟ್ಟರೂ ಹೋಗಿರಲಿಲ್ಲ. ತನ್ನ ವಾರ್ಡಿನ ಹೊಸ ಪೈಪಿಗೆ ನೀರು ಬಿಡುವ ಮೊದಲೇ ಸುದ್ದಿಯನ್ನು ತಾನೇ ಬರೆದು ಹಳೆಯ ಕಚೇರಿಗೆ ಕಳಿಸಿದ: 'ಕೊನೆಯ ಬೀದಿಯ ಕೊನೆಯ ಮನೆಗೂ ನೀರು ಹರಿಯಿತು. ನಿವಾಸಿಗಳ ಮೊಗದಲ್ಲಿ ಮಂದಹಾಸ ಮೂಡಿತು.' ಅಲ್ಲಿದ್ದವರು ಒಂದಕ್ಷರ ಮುಟ್ಟದೆ ಅಚ್ಚು ಹಾಕಿದರು. ಅವನೇ ಪಳಗಿಸಿದವರಲ್ಲವೇ!

ಕೊನೆಯ ಬೀದಿಯ ಕೊನೆಯ ಮನೆ ಅವನ ಅಕ್ಕನದು.

ಬೆಳಿಗ್ಗೆ ಅಕ್ಕ ಫೋನಿನಲ್ಲಿ "ಬಾ" ಎಂದಷ್ಟೇ ಹೇಳಿದಳು. ಹೋಗಿ ನೋಡಿದರೆ ಹಿತ್ತಲ ನಲ್ಲಿಯ ಕೆಳಗೆ ಬಕೆಟ್ಟು ಬಾಯಿ ತೆರೆದು ಕೂತಿತ್ತು. ನಲ್ಲಿ ತಿರುಗಿಸಿದ. ಅದು ಮುದುಕರಂತೆ ಕೆಮ್ಮಿ ಸುಮ್ಮನಾಯಿತು.

"ಮಂದಹಾಸ ಮೂಡಿದೆಯಾ ನೋಡು, ನನ್ನ ಮೊಗದಲ್ಲಿ," ಎಂದಳು ಅಕ್ಕ.

"ಅದು... ಆಫೀಸಿನವರು ಏನೋ ಬರ್ಕೊಂಡಿರ್ತಾರೆ ಅಕ್ಕ."

"ಪಾಪ, ಅವರ ತಲೆಗೆ ಕಟ್ಬೇಡ. ನಿಂಗೆ ಅಕ್ಷರ ತಿದ್ದಿಸಿದವಳು ನಾನು. ಹಸುವಿನ ಮೇಲೆ ಪ್ರಬಂಧ ಬರಿ ಅಂದ್ರೆ ಹಸುವಿನ ಮುಖಕ್ಕೂ ಮಂದಹಾಸ ಅಂಟಿಸಿದ್ದೆ."

ಅವನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಹೆಂಗಸು ಗೋಡೆಯ ಮೇಲಿಂದ ಇಣುಕಿದಳು. ಒಂದು ಕೈಯಲ್ಲಿ ಪೇಪರು, ಇನ್ನೊಂದರಲ್ಲಿ ಬಿಂದಿಗೆ.

"ಏನ್ ಮೆಂಬರ್ರೇ, ಕೊನೇ ಮನೆಗೆ ನೀರು ಬಂತಂತೆ! ಅದರ ಪಕ್ಕದ ಮನೆ ಏನು ಪಾಪ ಮಾಡಿತ್ತು? ಪೇಪರ್ ಹಿಂಡ್ಕೊಂಡು ಕುಡೀಬೇಕಾ?"

ನಿಜ ಹೇಳಲು ಒಂದೇ ವಾಕ್ಯ ಸಾಕಿತ್ತು. ವಾಕ್ಯ ಮಾರಿಯೇ ಹೊಟ್ಟೆ ಹೊರೆದವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಅಕ್ಕ ಅವನನ್ನೇ ನೋಡಿದಳು, ಕಾದಳು. ಬೀದಿಯಲ್ಲಿ ಜಗಳವಾದರೆ ಎರಡೂ ಕಡೆಯವರು ಸಾಕ್ಷಿಗೆ ಕರೆಯುತ್ತಿದ್ದುದು ಅವಳನ್ನು. ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ಕೇಳಿದವರಿರಲಿಲ್ಲ.

"ಬೆಳಗಿನ ಜಾವ ಸ್ವಲ್ಪ ಹೊತ್ತು ಬಂದಿತ್ತು ಕಣೇ," ಎಂದಳು, ಒಣ ಬಕೆಟ್ಟನ್ನು ಕಾಲಿನಿಂದ ಮರೆಗೆ ತಳ್ಳುತ್ತ. "ನೀನಿನ್ನೂ ಮಲಗಿದ್ದೆ."

"ಹೌದಾ! ನೀವು ಹೇಳಿದ್ಮೇಲೆ ಮುಗೀತು ಬಿಡಿ ಅಕ್ಕ. ನಾನೇ ಸುಮ್ನೆ ಬಾಯಿ ಮಾಡ್ದೆ. ತಪ್ಪು ತಿಳ್ಕೋಬೇಡಿ ಮೆಂಬರ್ರೇ."

"ಅಕ್ಕ..." ಎಂದ ಅವನು, ಆಕೆ ಮರೆಯಾದ ಮೇಲೆ.

"ಈಗ ಮಾತಾಡ್ಬೇಡ," ಎಂದು ಅಕ್ಕ ಒಳಗೆ ಹೋದಳು.

ಗೋಡೆಯಾಚೆ ನಲ್ಲಿ ತಿರುಗಿಸಿದ ಸದ್ದಾಯಿತು. ಬಿಂದಿಗೆ ಇಟ್ಟ ಸದ್ದು. ಆಮೇಲೆ, ಕಾದು ಕೂರಲು ಸ್ಟೂಲು ಎಳೆದುಕೊಂಡ ಸದ್ದು.